ವಾಕ್‌ಥ್ರೂನಲ್ಲಿ ಬೀಳುವ ಬಿಸಿಲು ಯಾವ ಊರಿನದು?

ಮಾನ್ಯ ಸಂಪಾದಕರೆ,

ಫ್ಲ್ಯಾಟ್ ನೋಡಲು ಹೋದವರಿಗೆ ಬಿಲ್ಡರ್ ಕಚೇರಿಯಲ್ಲಿ ಈಗ ನಕ್ಷೆಗಿಂತ ಮೊದಲು ದೊಡ್ಡ ಪರದೆಯ ಮೇಲೆ ವಾಕ್‌ಥ್ರೂ, ಅಂದರೆ ಮನೆಯೊಳಗೆ ನಡೆದಾಡಿದಂತೆ ಕಾಣುವ ಕಂಪ್ಯೂಟರ್ ಚಿತ್ರಣ, ತೋರಿಸುತ್ತಾರೆ. ಇನ್ನೂ ಪಾಯ ತೋಡದ ಮನೆಯ ಹಾಲ್‌ನಲ್ಲಿ ಹೊಂಬಿಸಿಲು ಹರಡಿರುತ್ತದೆ. ಆ ಬಿಸಿಲು ಯಾವ ಊರಿನದು, ಯಾವ ತಿಂಗಳಿನದು ಎಂದು ಯಾರೂ ಕೇಳುವುದಿಲ್ಲ. ಕೇಳಬೇಕು.

ಹಿಂದೆ ಇಂಥ ಒಂದೇ ಒಂದು ಚಿತ್ರಕ್ಕೆ ಕಂಪ್ಯೂಟರ್ ರಾತ್ರಿಯಿಡೀ ಓಡಬೇಕಿತ್ತು. 2018ರಲ್ಲಿ ಬೆಳಕಿನ ಕಿರಣಗಳ ಲೆಕ್ಕಕ್ಕೆಂದೇ ಪ್ರತ್ಯೇಕ ಯಂತ್ರಾಂಶವಿರುವ ಎನ್‌ವಿಡಿಯಾ ಆರ್‌ಟಿಎಕ್ಸ್ ಗ್ರಾಫಿಕ್ಸ್ ಕಾರ್ಡುಗಳು ಬಂದವು. 2022ರಲ್ಲಿ ಅನ್‌ರಿಯಲ್ ಎಂಜಿನ್ 5 ಎಂಬ ತಂತ್ರಾಂಶದ ಜೊತೆ, ಬೆಳಕು ಹರಡುವುದನ್ನು ಆ ಕ್ಷಣದಲ್ಲೇ ಲೆಕ್ಕ ಹಾಕುವ ಲ್ಯೂಮೆನ್ ಬಂತು. ಎನ್‌ಸ್ಕೇಪ್, ಟ್ವಿನ್‌ಮೋಷನ್, ಲುಮಿಯಾನ್, ಡಿ5ನಂಥ ವಾಕ್‌ಥ್ರೂ ತಂತ್ರಾಂಶಗಳು ಇಂದು ಸಣ್ಣ ಆರ್ಕಿಟೆಕ್ಟ್ ಕಚೇರಿಗಳಲ್ಲೂ ಓಡುತ್ತಿವೆ. ಸೆಕೆಂಡಿಗೆ 60 ಚಿತ್ರ ಬೇಕೆಂದರೆ ಒಂದೊಂದಕ್ಕೆ ಸಿಗುವುದು 16.7 ಮಿಲಿಸೆಕೆಂಡ್. ಅಷ್ಟರಲ್ಲಿ ಬೆರಳೆಣಿಕೆಯ ಕಿರಣಗಳನ್ನು ಹಾಯಿಸಿ, ಉಳಿದದ್ದನ್ನು ಡಿನಾಯ್ಸರ್ (ಚಿತ್ರದ ಚುಕ್ಕೆಗಳನ್ನು ಅಳಿಸಿ ನಯಗೊಳಿಸುವ ತಂತ್ರಾಂಶ) ಅಂದಾಜಿನಲ್ಲಿ ತುಂಬುತ್ತದೆ. ಆ ಅಂದಾಜು ಸಾಕಷ್ಟು ಚೆನ್ನಾಗಿಯೇ ಇರುತ್ತದೆ. ಎಡವಟ್ಟಾಗುವುದು ಹೆಚ್ಚಾಗಿ ಊರು, ದಿನಾಂಕ, ಗಂಟೆಯಂಥ ಸೆಟ್ಟಿಂಗ್‌ಗಳಲ್ಲಿ.

ದಕ್ಷಿಣದ ಕಿಟಕಿಯೊಂದನ್ನು ತೆಗೆದುಕೊಳ್ಳಿ. ನೆಲದಿಂದ 3 ಅಡಿಗೆ ಶುರುವಾಗಿ 7 ಅಡಿಗೆ ಮುಗಿಯುತ್ತದೆ, ಮೇಲೆ 2 ಅಡಿ ಸಜ್ಜಾ. ಡಿಸೆಂಬರ್ 21ರ ನಡುಹಗಲು ಬೆಂಗಳೂರಿನಲ್ಲಿ ಸೂರ್ಯ ಸುಮಾರು 53.6 ಡಿಗ್ರಿ ಎತ್ತರದಲ್ಲಿರುತ್ತಾನೆ. ಬಿಸಿಲು ಹೊರಗೋಡೆಯಿಂದ ಮೂರು ಅಡಿಗೆ ತುಸು ಹೆಚ್ಚು ಒಳಗೆ ಬಂದು ನಿಲ್ಲುತ್ತದೆ. ಅದೇ ಫೈಲಿನಲ್ಲಿ ಊರು ಬದಲಿಸದೆ 40 ಡಿಗ್ರಿ ಉತ್ತರ ಅಕ್ಷಾಂಶದಲ್ಲೇ ಬಿಟ್ಟರೆ ಸೂರ್ಯ 26.5 ಡಿಗ್ರಿಗೆ ಇಳಿದು, ಬಿಸಿಲು ಹನ್ನೆರಡು ಅಡಿ ಒಳಗೆ ನುಗ್ಗಿ ಸೋಫಾದವರೆಗೂ ಬರುತ್ತದೆ. ಜೂನ್ 21ರಂದು ನಮ್ಮಲ್ಲಿ ನಡುಹಗಲಿನ ಸೂರ್ಯ ನೆತ್ತಿಗಿಂತ ಹತ್ತೂವರೆ ಡಿಗ್ರಿ ಉತ್ತರಕ್ಕಿರುತ್ತಾನೆ, ಆ ಕಿಟಕಿಗೆ ನೇರ ಬಿಸಿಲೇ ಇಲ್ಲ. ಗೋಡೆ, ಕಿಟಕಿ, ಸಜ್ಜಾ ಎಲ್ಲ ಅವೇ. ತಪ್ಪಿರುವುದು ಒಂದು ಸಂಖ್ಯೆ ಮಾತ್ರ.

ಪಕ್ಕದ ಸೈಟಿನ ಕಟ್ಟಡವನ್ನು ಮಾಡೆಲ್‌ನಲ್ಲಿ ಹಾಕದಿರುವುದು ಇದಕ್ಕಿಂತ ದೊಡ್ಡ ಲೋಪ. ಕೆಲವೇ ಅಡಿ ದೂರದಲ್ಲಿ ನಾಲ್ಕು ಮಹಡಿ ಎದ್ದು ನಿಂತಿರುವ ಕಡೆ ಖಾಲಿ ಆಕಾಶ ತೋರಿಸಿದರೆ ಮಲಗುವ ಕೋಣೆಯ ಬೆಳಕು ಪೂರ್ತಿ ಸುಳ್ಳಾಗುತ್ತದೆ. ಆಟೋ ಎಕ್ಸ್‌ಪೋಷರ್ ಅದನ್ನು ಇನ್ನಷ್ಟು ಮುಚ್ಚಿಡುತ್ತದೆ: ಕತ್ತಲ ಕೋಣೆಗೆ ಹೋದೊಡನೆ ಕ್ಯಾಮೆರಾ ತಾನಾಗಿಯೇ ಬೆಳಕು ಏರಿಸಿಕೊಳ್ಳುತ್ತದೆ. ಗೋಡೆಯನ್ನು ದಪ್ಪವಿಲ್ಲದ ಒಂದೇ ಹಾಳೆಯಂತೆ ಎಳೆದರೆ ಮೂಲೆಗಳಲ್ಲಿ ಬೆಳಕು ಸೋರುತ್ತದೆ. ಲ್ಯೂಮೆನ್‌ಗೆ ಕನಿಷ್ಠ 10 ಸೆಂ.ಮೀ. ದಪ್ಪ ಬೇಕು. ಇನ್ನು ಲೆನ್ಸ್. 18 ಎಂ.ಎಂ. ಲೆನ್ಸ್ ಅಡ್ಡಕ್ಕೆ 90 ಡಿಗ್ರಿ ನೋಡುತ್ತದೆ, 10 ಅಡಿಯ ಕೋಣೆ ಮದುವೆ ಛತ್ರದಂತೆ ಕಾಣುತ್ತದೆ. ಕೋಣೆ ದೊಡ್ಡದಾಗಿ ಕಾಣಲೆಂದು ಮಂಚವನ್ನು ಕುಗ್ಗಿಸಿಟ್ಟಿದ್ದಾರೆಯೇ ಎಂಬ ಅನುಮಾನವಿದ್ದರೆ ಅದರ ಉದ್ದವನ್ನು ಪರದೆಯ ಮೇಲೇ ಅಳೆದು ತೋರಿಸಲು ಹೇಳಿ; ಸುಮಾರು ಆರೂವರೆ ಅಡಿ ಇರಬೇಕು.

ಜಾಹೀರಾತಿನ ತಪ್ಪು ಮಾಹಿತಿ ನಂಬಿ ಹಣ ಕೊಟ್ಟು ನಷ್ಟವಾದರೆ ಪರಿಹಾರ ಕೇಳಲು 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 12ನೇ ಸೆಕ್ಷನ್ ಅವಕಾಶ ಕೊಟ್ಟಿದೆ. ಆದರೆ ಚಿತ್ರದ ಬಿಸಿಲು ತಪ್ಪೆಂದು ಸಾಬೀತು ಮಾಡಲು ಅದರ ಸೆಟ್ಟಿಂಗ್ ಗೊತ್ತಿರಬೇಕಲ್ಲ? 'ಕಲಾವಿದರ ಕಲ್ಪನೆ' ಎಂಬ ಇರುವೆ ಗಾತ್ರದ ಅಕ್ಷರಗಳ ಜಾಗದಲ್ಲಿ ಊರು, ಉತ್ತರ ದಿಕ್ಕು, ದಿನಾಂಕ, ಗಂಟೆ, ಲೆನ್ಸ್, ಎಕ್ಸ್‌ಪೋಷರ್ ಇಷ್ಟನ್ನು ಪ್ರತಿ ಚಿತ್ರದ ಕೆಳಗೆ ಅಚ್ಚು ಹಾಕುವುದನ್ನು ಕರ್ನಾಟಕ ರೇರಾ ಪ್ರಾಧಿಕಾರ ಕಡ್ಡಾಯ ಮಾಡಬೇಕು. ಇವೆಲ್ಲ ಫೈಲಿನಲ್ಲೇ ಇರುವ ಮಾಹಿತಿ, ಬರೆಯಲು ಹೆಚ್ಚುವರಿ ಖರ್ಚಿಲ್ಲ.

ಅಲ್ಲಿಯವರೆಗೆ ಕೊಳ್ಳುವವರು ರೆಕಾರ್ಡ್ ಮಾಡಿದ ವಿಡಿಯೊಗೆ ಒಪ್ಪದೆ ಲೈವ್ ಫೈಲನ್ನೇ ತೆರೆಸಲಿ. ಊರು ಬೆಂಗಳೂರೇ ಎಂದು ನೋಡಿ, ಎಕ್ಸ್‌ಪೋಷರ್ ಲಾಕ್ ಮಾಡಿಸಿ, ಜೂನ್ 21 ಮತ್ತು ಡಿಸೆಂಬರ್ 21ಕ್ಕೆ ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4 ಗಂಟೆಯ ಬಿಸಿಲು ನೋಡಲಿ. ಸ್ಲೈಡರ್ ಎಳೆದರಾಯಿತು, ಐದು ನಿಮಿಷದ ಕೆಲಸ.

– ಆರ್ಕಿಟೆಕ್ಚರಲ್ ವಿಷುವಲೈಸೇಷನ್ ಕೆಲಸದವರು, ಬೆಂಗಳೂರು