ಅಗೆಯುವ ಮುನ್ನ ತಿಳಿಸಿ: ಕ್ಯಾಂಪಸ್ಸಿನ ಒಳಚರಂಡಿ ಕಾಮಗಾರಿ ಕುರಿತು ದೂರು

ಗೆ,
ಯೋಜನಾ ವ್ಯವಸ್ಥಾಪಕರು,
ಒಳಚರಂಡಿ ಕಾಮಗಾರಿಯ ಗುತ್ತಿಗೆ ಸಂಸ್ಥೆ

ವಿಷಯ: ಮುನ್ಸೂಚನೆ ಇಲ್ಲದೆ ರಸ್ತೆ ಅಗೆದು, ಕರೆಂಟು ಮತ್ತು ನೀರು ನಿಲ್ಲಿಸಿರುವ ಬಗ್ಗೆ

ಮಾನ್ಯರೇ,

ನಾನು ಈ ವಿಶ್ವವಿದ್ಯಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಮಹಿಳಾ ಹಾಸ್ಟೆಲಿನಲ್ಲಿದ್ದೇನೆ. ಜೋರು ಮಳೆ ಬಂದರೆ ಮ್ಯಾನ್‌ಹೋಲ್ ಉಕ್ಕಿ ಮೆಸ್ಸಿನ ಹಿಂದೆ ಗಲೀಜು ನಿಲ್ಲುವುದನ್ನು ನಾಲ್ಕು ವರ್ಷ ಕಂಡವಳು. ಹೊಸ ಪೈಪು ಬೇಕೇ ಬೇಕು. ನನ್ನ ದೂರು ನೀವು ಕೆಲಸ ಮಾಡುತ್ತಿರುವ ರೀತಿಯ ಬಗ್ಗೆ.

ಕಳೆದ ಬುಧವಾರ ಬೆಳಿಗ್ಗೆ ನಿಮ್ಮ ಜೆಸಿಬಿ ನಮ್ಮ ಪ್ರಯೋಗಾಲಯದ ನೆಲದಡಿಯ ಕೇಬಲನ್ನು ಹರಿದುಹಾಕಿತು. ಜನರೇಟರಿನ ಲೈನೂ ಅದೇ ಜಾಗದಲ್ಲಿ ಹಾದುಬರುವುದರಿಂದ ಅದೂ ಹೋಯಿತು. ಮೈನಸ್ 80 ಡಿಗ್ರಿಯ ಫ್ರೀಜರು ಬಾಗಿಲು ತೆಗೆಯದಿದ್ದರೆ ಕೆಲವು ಗಂಟೆ ತಡೆದೀತು. ಕರೆಂಟು ಬಂದದ್ದು ಮರುದಿನ ಮಧ್ಯಾಹ್ನ. ಫ್ರೀಜರನ್ನು ತಣ್ಣಗಿಡಲು ಡ್ರೈ ಐಸ್ (ಹೆಪ್ಪುಗಟ್ಟಿಸಿದ ಇಂಗಾಲದ ಡೈಆಕ್ಸೈಡ್) ತರಿಸಿದರೆ ಗೇಟಿನ ಕಡೆಯ ರಸ್ತೆಯನ್ನೂ ಅಗೆದಿದ್ದಿರಿ. ಆಟೋದವರು ಗ್ರಂಥಾಲಯದ ಬಳಿಯೇ ಇಳಿಸಿಹೋದರು. ಥರ್ಮೋಕೋಲ್ ಪೆಟ್ಟಿಗೆಗಳನ್ನು ಕೆಸರಿನಲ್ಲಿ ಹೊತ್ತು ತರುವಷ್ಟರಲ್ಲಿ ತಡವಾಗಿತ್ತು. ಎರಡು ಮುಂಗಾರು ಊರೂರು ಅಲೆದು, ಬೆಂಕಿ ರೋಗ ಬಿದ್ದ ರಾಗಿ ಹೊಲಗಳಿಂದ ತಂದು ಆ ಫ್ರೀಜರಿನಲ್ಲಿಟ್ಟಿದ್ದ ಎಲೆಗಳು ಹಾಳಾದವು. ಒಮ್ಮೆ ಕರಗಿದರೆ ಅವುಗಳೊಳಗಿನ, ಜೀನ್‌ಗಳ ಸಂದೇಶ ಹೊರುವ ನಾಜೂಕು ಅಣುವಾದ ಆರ್‌ಎನ್‌ಎ ಚೂರುಚೂರಾಗುತ್ತದೆ, ಮತ್ತೆ ಹೆಪ್ಪುಗಟ್ಟಿಸಿ ಪ್ರಯೋಜನವಿಲ್ಲ. ಹೊಸ ಎಲೆಗೆ ಮುಂದಿನ ಬೆಳೆಯನ್ನೇ ಕಾಯಬೇಕು. ನನ್ನ ಫೆಲೋಶಿಪ್ ಅಲ್ಲಿಯವರೆಗೆ ಕಾಯುವುದಿಲ್ಲ.

"ಕೇಬಲ್ ಎಲ್ಲಿದೆ ಅಂತ ನಮಗೇನು ಗೊತ್ತು ಮೇಡಂ" ಎಂದರು ನಿಮ್ಮ ಸೂಪರ್‌ವೈಸರ್. ಕ್ಯಾಂಪಸ್ಸಿನ ಕೇಬಲ್ ನಕ್ಷೆ ಎಂಜಿನಿಯರ್ ಕಚೇರಿಯ ಗೋಡೆಯ ಮೇಲೇ ಇದೆ, ನಾನೇ ಹೋಗಿ ನೋಡಿಬಂದೆ. ಅಗೆಯುವವರು ಮೊದಲು ಕೇಬಲ್, ಪೈಪುಗಳ ಒಡೆಯರಿಗೆ ತಿಳಿಸಲೆಂದೇ ಕೇಂದ್ರ ಸರ್ಕಾರ 2023ರ ಮಾರ್ಚ್‌ನಲ್ಲಿ 'ಕಾಲ್ ಬಿಫೋರ್ ಯು ಡಿಗ್' ಆ್ಯಪ್ ತಂದಿದೆ. ನಿಮ್ಮಂಥ ಸಂಸ್ಥೆಗೆ ಇದು ಗೊತ್ತಿರಲಿಲ್ಲ ಎಂದರೆ ನಂಬಲಾರೆ.

ಹಾಸ್ಟೆಲಿನ ನೀರು ಈ ತಿಂಗಳು ಮೂರು ಸಲ ನಿಂತಿದೆ. ಮೂರು ಸಲವೂ ನಮಗೆ ತಿಳಿದದ್ದು ನಲ್ಲಿ ತಿರುಗಿಸಿದಾಗಲೇ.

ಇದಕ್ಕಿಂತ ಹೆಚ್ಚು ಭಯವಾಗುವುದು ಆ ಗುಂಡಿಯನ್ನು ಕಂಡರೆ. ಆಳುದ್ದದ ಗುಂಡಿಗೆ ಬರೀ ಪ್ಲಾಸ್ಟಿಕ್ ಪಟ್ಟಿ ಕಟ್ಟಿದ್ದೀರಿ. ಕಣ್ಣು ಕಾಣದ ನನ್ನ ಗೆಳತಿ ದಿನವೂ ಕೋಲು ಹಿಡಿದು ಅದೇ ದಾರಿಯಲ್ಲಿ ತರಗತಿಗೆ ಹೋಗುತ್ತಾಳೆ. ಆ ಪಟ್ಟಿ ಅವಳ ಕೋಲಿಗೆ ತಾಗುವುದೇ ಇಲ್ಲ. ಶುಕ್ರವಾರ ಅಂಚಿಗೆ ಬಂದಿದ್ದವಳನ್ನು ಕ್ಯಾಂಟೀನಿನ ಹುಡುಗ ಓಡಿಬಂದು ಹಿಡಿದ. ಕಾಮಗಾರಿ ಜಾಗದಲ್ಲಿ ಸಂಚಾರ ಹೇಗೆ ನಿಭಾಯಿಸಬೇಕೆಂದು ಹೆದ್ದಾರಿ ಎಂಜಿನಿಯರುಗಳ ಸಂಸ್ಥೆಯಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಎಸ್‌ಪಿ:55 ಮಾರ್ಗಸೂಚಿ ಇದೆ. ಅದನ್ನು ಓದಿ ಗಟ್ಟಿ ಬ್ಯಾರಿಕೇಡ್ ಹಾಕಿಸಿ, ರಾತ್ರಿ ದೀಪ ಇಡಿಸಿ, ನಡೆಯುವವರಿಗೂ ಆ್ಯಂಬುಲೆನ್ಸಿಗೂ ದಾರಿ ಬಿಡಿ.

ಎಲ್ಲಿ ಅಗೆಯುತ್ತೀರಿ, ಏನು ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದನ್ನು ಎರಡು ದಿನ ಮುಂಚೆ ಪ್ರತಿ ವಿಭಾಗಕ್ಕೂ ಹಾಸ್ಟೆಲಿಗೂ ಬರೆದು ತಿಳಿಸಿ. ಹಾಳಾದ ಮಾದರಿಗಳ ಪಟ್ಟಿ ಲಗತ್ತಿಸಿದ್ದೇನೆ. ಅವನ್ನು ಮತ್ತೆ ಸಂಗ್ರಹಿಸುವ ಖರ್ಚನ್ನು ನೀವೇ ಭರಿಸಬೇಕು.

ಬರುವ ಸೋಮವಾರ ಗ್ರಂಥಾಲಯದ ಹಿಂದೆ ಅಗೆಯುತ್ತೀರೆಂದು ನಿಮ್ಮ ಕೆಲಸಗಾರರಿಂದ ತಿಳಿಯಿತು. ನಕ್ಷೆಯ ಪ್ರಕಾರ ಹಾಸ್ಟೆಲಿನ ನೀರಿನ ಪೈಪು ಹೋಗುವುದು ಅಲ್ಲೇ. ಅದಕ್ಕೆ ಮೊದಲು ಲಿಖಿತ ಉತ್ತರ ಕೊಡಿ.

ಇಂತಿ,
ಸಂಶೋಧನಾ ವಿದ್ಯಾರ್ಥಿನಿ

ಪ್ರತಿ: ಕುಲಸಚಿವರಿಗೆ, ವಿಶ್ವವಿದ್ಯಾಲಯದ ಎಂಜಿನಿಯರ್ ಅವರಿಗೆ