ಕ್ಲಬ್ಬಿನ ಹೆಸರಿಗೆ ಬೀಗ ಹಾಕುವವರು ಯಾರು? ಕೇಂದ್ರ ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

2019ರಲ್ಲಿ ದೆಹಲಿ ಡೈನಮೋಸ್ ಎಂಬ ಫುಟ್‌ಬಾಲ್ ಕ್ಲಬ್ ಗಂಟುಮೂಟೆ ಕಟ್ಟಿಕೊಂಡು ಭುವನೇಶ್ವರಕ್ಕೆ ಹೋಗಿ ಒಡಿಶಾ ಎಫ್‌ಸಿ ಆಯಿತು. ಅದೇ ವರ್ಷ ಪುಣೆ ಸಿಟಿ ಬಾಗಿಲು ಮುಚ್ಚಿತು, ಅದರ ಜಾಗಕ್ಕೆ ಹೈದರಾಬಾದ್ ಎಫ್‌ಸಿ ಬಂತು. ಆ ಹೈದರಾಬಾದ್ 2022ರ ಮಾರ್ಚ್‌ನಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಕಪ್ಪನ್ನೇ ಗೆದ್ದಿತು. 2025ರಲ್ಲಿ ಅದೂ ಎದ್ದು ಹೋಗಿ ದೆಹಲಿಯಲ್ಲಿ ಸ್ಪೋರ್ಟಿಂಗ್ ಕ್ಲಬ್ ಡೆಲ್ಲಿ ಎಂಬ ಹೆಸರಿಟ್ಟುಕೊಂಡಿತು. ಆರು ವರ್ಷದ ಹಿಂದೆ ಒಂದು ಕ್ಲಬ್ ಕಳೆದುಕೊಂಡ ಊರಿಗೆ ಇನ್ನೊಂದು ಊರಿನ ಕ್ಲಬ್ ಕೊಟ್ಟಂತಾಯಿತು. ಇಷ್ಟೆಲ್ಲ ನಡೆಯುವಾಗ ಸೀಸನ್ ಟಿಕೆಟ್ ಕೊಂಡು ಕೂತವರ ಒಪ್ಪಿಗೆ ಬೇಕು ಎನ್ನುವ ಒಂದು ಸಾಲು ಕಾನೂನು ಕೂಡ ನಮ್ಮಲ್ಲಿಲ್ಲ.

ಆ ಸಾಲು ಎಲ್ಲಿ, ಹೇಗೆ ಸೇರಬೇಕು ಎಂದು ಹೇಳುವುದಕ್ಕೇ ಈ ಪತ್ರ. ಅದಕ್ಕೆ ಮೊದಲು ವಿಲೀನವೊಂದನ್ನು ಅಭಿಮಾನಿಗಳು ತಡೆದ ಪ್ರಸಂಗವನ್ನು ಸ್ವಲ್ಪ ಬಿಡಿಸಿ ನೋಡಬೇಕು. ಅದನ್ನು ನೆನೆಯುವವರೆಲ್ಲ ಬ್ಯಾನರು, ಧಿಕ್ಕಾರಗಳನ್ನೇ ನೆನೆಯುತ್ತಾರೆ. ಕ್ಲಬ್ ಉಳಿದದ್ದು ಷೇರು ಪುಸ್ತಕದಿಂದ.

1983ರ ಏಪ್ರಿಲ್ 16, ಶನಿವಾರ. ಇಂಗ್ಲೆಂಡಿನ ಆಕ್ಸ್‌ಫರ್ಡ್ ಯುನೈಟೆಡ್ ಕ್ಲಬ್ಬಿನ ಅಧ್ಯಕ್ಷ ರಾಬರ್ಟ್ ಮ್ಯಾಕ್ಸ್‌ವೆಲ್, ಪಕ್ಕದ ರೆಡಿಂಗ್ ಕ್ಲಬ್ಬನ್ನೂ ಕೊಂಡು ಎರಡನ್ನೂ ಸೇರಿಸಿ 'ಥೇಮ್ಸ್ ವ್ಯಾಲಿ ರಾಯಲ್ಸ್' ಮಾಡುವುದಾಗಿ ಘೋಷಿಸಿದರು. ಎರಡೂ ಆಗ ಮೂರನೇ ಡಿವಿಷನ್ನಿನ ಬಡ ಕ್ಲಬ್‌ಗಳು. ಸಾಲದಲ್ಲಿ ಮುಳುಗಿದ್ದ ಆಕ್ಸ್‌ಫರ್ಡನ್ನು 1982ರಲ್ಲಿ ಎತ್ತಿ ನಿಲ್ಲಿಸಿದವರೂ ಇದೇ ಮ್ಯಾಕ್ಸ್‌ವೆಲ್. ಹಾಗಾಗಿ 'ಕಾಪಾಡಿದವರ ಮಾತು ಕೇಳಿ' ಎಂಬ ವಾದಕ್ಕೆ ತೂಕವಿತ್ತು. ಹೊಸ ಕ್ರೀಡಾಂಗಣ ಎರಡು ಊರುಗಳ ನಡುವೆ ಎಲ್ಲೋ ಬರುತ್ತದೆ, ಡಿಡ್‌ಕಾಟ್‌ನ ಹೆಸರು ಕೇಳಿಬಂತು. ಅಲ್ಲಿಯವರೆಗೆ ಒಂದು ಪಂದ್ಯ ಆಕ್ಸ್‌ಫರ್ಡ್‌ನ ಮ್ಯಾನರ್ ಗ್ರೌಂಡಿನಲ್ಲಿ, ಇನ್ನೊಂದು ರೆಡಿಂಗ್‌ನ ಎಲ್ಮ್ ಪಾರ್ಕಿನಲ್ಲಿ. ಆಕ್ಸ್‌ಫರ್ಡ್‌ನ ಜಿಮ್ ಸ್ಮಿತ್ ಮ್ಯಾನೇಜರ್, ರೆಡಿಂಗ್‌ನ ಮಾರಿಸ್ ಇವಾನ್ಸ್ ಅವರ ಕೈಕೆಳಗೆ. ಮನೆ ಪಾಲು ಮಾಡುವಾಗ ಪಾತ್ರೆ ಹಂಚಿದ ಹಾಗೆ ಎಲ್ಲ ಹಂಚಿ ಮುಗಿದಿತ್ತು.

ಮರುವಾರ, ಏಪ್ರಿಲ್ 23ರಂದು, ಮ್ಯಾನರ್ ಗ್ರೌಂಡಿನಲ್ಲಿ ವಿಗನ್ ವಿರುದ್ಧ ಪಂದ್ಯ. ಒಂದು ಕಡೆಗೆ ವಾಲಿದ ಇಳಿಜಾರು ಮೈದಾನ ಅದು. ಆಟ ಶುರುವಾಗುವ ಹೊತ್ತಿಗೆ ಜನ ಗ್ಯಾಲರಿಯಿಂದಿಳಿದು ಹುಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ಸುಮಾರು ಅರ್ಧ ಗಂಟೆ ಚೆಂಡು ಉರುಳಲಿಲ್ಲ. ಇನ್ನೊಂದು ವಾರಕ್ಕೆ ರೆಡಿಂಗ್‌ನವರು ಪೇಟೆಯಿಂದ ಎಲ್ಮ್ ಪಾರ್ಕಿನವರೆಗೆ ಮೆರವಣಿಗೆ ಹೋದರು. ಒಬ್ಬರ ಮುಖ ಇನ್ನೊಬ್ಬರಿಗೆ ಆಗದ ಎರಡು ಊರಿನ ಅಭಿಮಾನಿಗಳು ಒಂದೇ ಮಾತಾಡಿದರು.

ಆದರೆ ಧರಣಿ ಕೂತ ಮಾತ್ರಕ್ಕೆ ಷೇರು ಕೈ ಬದಲಾಗುವುದು ನಿಲ್ಲುವುದಿಲ್ಲ. ಮ್ಯಾಕ್ಸ್‌ವೆಲ್ ಹೊರಟಿದ್ದು ರೆಡಿಂಗ್ ಅಧ್ಯಕ್ಷ ಫ್ರಾಂಕ್ ವಾಲರ್ ಬಣದ ಷೇರುಗಳ ಬಲದ ಮೇಲೆ. ಅವರ ಎಣಿಕೆ ತಪ್ಪಿದ್ದು ಒಂದೇ ಕಾರಣಕ್ಕೆ: ರೆಡಿಂಗ್ ಷೇರು ಪೂರ್ತಿ ಒಬ್ಬರ ಮುಷ್ಟಿಯಲ್ಲಿರಲಿಲ್ಲ. ನಿರ್ದೇಶಕರಲ್ಲೇ ವಿರೋಧವಿತ್ತು. ಒಂದು ಕಾಲಕ್ಕೆ ಅದೇ ಕ್ಲಬ್ಬಿಗೆ ಆಡಿ, ಆಮೇಲೆ ಕಟ್ಟಡ ವ್ಯವಹಾರದಲ್ಲಿ ದುಡ್ಡು ಮಾಡಿದ್ದ ರೋಜರ್ ಸ್ಮೀ, ಈ ಷೇರು ವ್ಯವಹಾರದ ಒಂದು ಭಾಗ ಸಿಂಧುವಲ್ಲ ಎಂದು ಹೈಕೋರ್ಟಿಗೆ ಹೋದರು. ಘೋಷಣೆಯಾಗಿ ವಾರ ತುಂಬುವುದರೊಳಗೆ ತಾತ್ಕಾಲಿಕ ತಡೆಯಾಜ್ಞೆ ಬಂತು. ಆ ತಡೆಯಾಜ್ಞೆ ಕೊಟ್ಟ ಬಿಡುವಿನಲ್ಲೇ ಧರಣಿ, ಮೆರವಣಿಗೆ, ಪತ್ರಿಕೆಗಳ ಟೀಕೆ ಎಲ್ಲ ಕೆಲಸ ಮಾಡಿದ್ದು. ಮೇ ತಿಂಗಳಲ್ಲಿ ವಾಲರ್ ಮತ್ತು ಜೊತೆಗಾರರು ರಾಜೀನಾಮೆ ಕೊಟ್ಟರು, ಬೇಸಿಗೆಯಲ್ಲಿ ಸ್ಮೀ ಅಧ್ಯಕ್ಷರಾದರು, ರಾಯಲ್ಸ್ ಕಾಗದದಲ್ಲೇ ಉಳಿಯಿತು.

ವಿಲೀನವಾಗದಿದ್ದರೆ ಎರಡೂ ಸಾಯುತ್ತವೆ ಎಂಬ ವಾದ ಏನಾಯಿತು ಎಂದೂ ಹೇಳಿಬಿಡುತ್ತೇವೆ. ಆಕ್ಸ್‌ಫರ್ಡ್ 1984ರಲ್ಲಿ ಮೂರನೇ ಡಿವಿಷನ್, 1985ರಲ್ಲಿ ಎರಡನೇ ಡಿವಿಷನ್ ಗೆದ್ದು ಮೊದಲ ಡಿವಿಷನ್ನಿಗೆ ಏರಿತು. 1986ರಲ್ಲಿ ವೆಂಬ್ಲಿಯಲ್ಲಿ ಕ್ವೀನ್ಸ್ ಪಾರ್ಕ್ ರೇಂಜರ್ಸನ್ನು 3-0ರಿಂದ ಸೋಲಿಸಿ ಲೀಗ್ ಕಪ್ ಎತ್ತಿತು. ರೆಡಿಂಗ್ 1985-86ರ ಲೀಗನ್ನು ಸತತ 13 ಗೆಲುವಿನೊಂದಿಗೆ ಶುರುಮಾಡಿ ತನ್ನ ಡಿವಿಷನ್ ಗೆದ್ದಿತು. ತಮಾಷೆಯೆಂದರೆ, ವೆಂಬ್ಲಿಯಲ್ಲಿ ಕಪ್ ಗೆದ್ದ ಆಕ್ಸ್‌ಫರ್ಡ್ ತಂಡದ ಮ್ಯಾನೇಜರ್ ರೆಡಿಂಗ್‌ನಿಂದ ಹೊರಬಿದ್ದಿದ್ದ ಅದೇ ಮಾರಿಸ್ ಇವಾನ್ಸ್.

ಕ್ಲಬ್ ಕೈತಪ್ಪುವುದಕ್ಕೆ ಷೇರು ಒಂದು ಬಾಗಿಲಾದರೆ ನೆಲ ಎರಡನೆಯದು. 1987ರಲ್ಲಿ ಲಂಡನ್ನಿನ ಫುಲ್ಹಮ್ ಮತ್ತು ಕ್ವೀನ್ಸ್ ಪಾರ್ಕ್ ರೇಂಜರ್ಸನ್ನು ಬೆಸೆದು 'ಫುಲ್ಹಮ್ ಪಾರ್ಕ್ ರೇಂಜರ್ಸ್' ಮಾಡಲು ಹೊರಟದ್ದು ಮಾರ್ಲರ್ ಎಸ್ಟೇಟ್ಸ್ ಎಂಬ ರಿಯಲ್ ಎಸ್ಟೇಟ್ ಕಂಪನಿ. ಅದರ ಕಣ್ಣಿದ್ದದ್ದು ಥೇಮ್ಸ್ ದಂಡೆಯ ಕ್ರೇವನ್ ಕಾಟೇಜ್ ಎಂಬ ಮೈದಾನದ ಮೇಲೆ. ಜನ ಮೈದಾನಕ್ಕಿಳಿದರು, ಲೀಗ್ ಒಪ್ಪಲಿಲ್ಲ, ಜಿಮ್ಮಿ ಹಿಲ್ ನೇತೃತ್ವದ ಗುಂಪು ಕ್ಲಬ್ಬನ್ನು ಕೊಂಡಿತು. ಆದರೆ ಕೊಂಡದ್ದು ಕ್ಲಬ್ಬನ್ನು ಮಾತ್ರ. ನೆಲ ಕಂಪನಿಯ ಬಳಿಯೇ ಉಳಿದು, ಫುಲ್ಹಮ್ ವರ್ಷಗಟ್ಟಲೆ ಬಾಡಿಗೆ ಮನೆಯವರಂತೆ ಹೆದರಿಕೊಂಡೇ ಇರಬೇಕಾಯಿತು.

ಮೂರನೇ ಬಾಗಿಲು ನಮ್ಮಲ್ಲಿ ಕಾಣುವುದು: ಲೀಗಿನ ಸೀಟು. ಐಎಸ್‌ಎಲ್ ಶುರುವಾದಾಗ ತಂಡಗಳು ಊರಿನಿಂದ ಹುಟ್ಟಲಿಲ್ಲ, ಫ್ರಾಂಚೈಸಿ ಶುಲ್ಕದಿಂದ ಹುಟ್ಟಿದವು. ಕೋಲ್ಕತ್ತದ 1889ರ ಮೋಹನ್ ಬಾಗಾನ್, 1911ರಲ್ಲಿ ಈಸ್ಟ್ ಯಾರ್ಕ್‌ಷೈರ್ ರೆಜಿಮೆಂಟನ್ನು 2-1ರಿಂದ ಸೋಲಿಸಿ ಐಎಫ್‌ಎ ಶೀಲ್ಡ್ ಗೆದ್ದ ಕ್ಲಬ್, ಐ-ಲೀಗ್ ಎಂಬ ಇನ್ನೊಂದು ರಾಷ್ಟ್ರೀಯ ಲೀಗಿನಲ್ಲಿತ್ತು. ಅದೇ ಊರಿನಲ್ಲಿ 2014ರಲ್ಲಿ ಹುಟ್ಟಿದ ಎಟಿಕೆ ತಂಡದ ಬಳಿ ಐಎಸ್‌ಎಲ್ ಸೀಟಿತ್ತು. 2020ರ ಜನವರಿಯಲ್ಲಿ ಎಟಿಕೆಯ ಹಿಂದಿದ್ದ ಆರ್‌ಪಿ-ಸಂಜೀವ್ ಗೋಯೆಂಕಾ ಸಮೂಹ ಮೋಹನ್ ಬಾಗಾನ್ ಫುಟ್‌ಬಾಲ್ ಕಂಪನಿಯ ಶೇ. 80 ಪಾಲು ಕೊಂಡಿತು. ಶೇ. 20 ಹಳೆಯ ಕ್ಲಬ್ಬಿನ ಕಡೆ ಉಳಿಯಿತು. ಹಸಿರು-ಮೆರೂನ್ ಅಂಗಿ ಉಳಿಯಿತು, ಲಾಂಛನದ ದೋಣಿ ಉಳಿಯಿತು. ಹೆಸರಿನ ತಲೆಗೆ ಮಾತ್ರ ಎಟಿಕೆ ಏರಿ ಕೂತಿತು. 'ಎಟಿಕೆ ತೆಗೆಯಿರಿ' ಎಂಬ ಕೂಗು ಮೂರು ವರ್ಷ ನಿಲ್ಲಲಿಲ್ಲ. 2023ರ ಮಾರ್ಚ್ 18ರಂದು ಗೋವಾದ ಫಟೋರ್ಡಾದಲ್ಲಿ ನಮ್ಮ ಬೆಂಗಳೂರು ಎಫ್‌ಸಿಯನ್ನು 2-2ರ ನಂತರ ಪೆನಾಲ್ಟಿಯಲ್ಲಿ ಸೋಲಿಸಿ ಕಪ್ ಹಿಡಿದ ರಾತ್ರಿಯೇ ಹೆಸರು ಬದಲಾಗುತ್ತದೆಂದು ಗೋಯೆಂಕಾ ಪ್ರಕಟಿಸಿದರು. ಈಗ ಅದು ಮೋಹನ್ ಬಾಗಾನ್ ಸೂಪರ್ ಜೈಂಟ್.

ಆ ರಾತ್ರಿ ಸೋತ ಕಡೆಯವರೂ ಇದಕ್ಕೆ ಚಪ್ಪಾಳೆ ತಟ್ಟಬೇಕು. ಆದರೆ ಇದರಲ್ಲೊಂದು ತೊಡಕಿದೆ, ಅದನ್ನು ತಾವು ಗಮನಿಸಬೇಕು. ಎಟಿಕೆ ಹೋದದ್ದು ಮಾಲೀಕರು ಮನಸ್ಸು ಮಾಡಿದ್ದರಿಂದ. ಹಕ್ಕಿನಿಂದಲ್ಲ.

ಹಕ್ಕು ಏಕಿಲ್ಲ ಎಂಬುದು 2013ರ ಕಂಪನಿ ಕಾಯ್ದೆ ತೆರೆದರೆ ಗೊತ್ತಾಗುತ್ತದೆ. ವಿಶೇಷ ನಿರ್ಣಯಕ್ಕೆ ವಿರೋಧ ಮತದ ಮೂರು ಪಟ್ಟು ಬೆಂಬಲ ಬೇಕು. ಅಂದರೆ ಅದನ್ನು ತಡೆಯಲು ಬಿದ್ದ ಮತಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಕೈಯಲ್ಲಿರಬೇಕು. ಶೇ. 20 ಇದ್ದವರು ಕೈ ಎತ್ತಬಹುದು, ತಡೆಯಲಾಗದು. ಎರಡು ಕಂಪನಿಗಳ ವಿಲೀನ 230ರಿಂದ 232ನೇ ಕಲಂಗಳಡಿ ಕಂಪನಿ ನ್ಯಾಯಮಂಡಳಿಗೆ ಹೋಗುತ್ತದೆ. ಅಲ್ಲಿ ಆಕ್ಷೇಪ ಎತ್ತಲು ಕನಿಷ್ಠ ಶೇ. 10 ಷೇರು ಇರಬೇಕು, ಇಲ್ಲವೇ ಕಂಪನಿಯ ಬಾಕಿ ಸಾಲದಲ್ಲಿ ಕನಿಷ್ಠ ಶೇ. 5 ನಿಮ್ಮದಾಗಿರಬೇಕು. ಇಪ್ಪತ್ತು ವರ್ಷ ಗ್ಯಾಲರಿಯಲ್ಲಿ ಗಂಟಲು ಹರಿದುಕೊಂಡವನಿಗೆ ಇವೆರಡೂ ಇರುವುದಿಲ್ಲ. 1983ರಲ್ಲಿ ಸ್ಮೀ ಹೋದ ದಾರಿ ಇಲ್ಲಿ ಮೊದಲ ಮೆಟ್ಟಿಲಲ್ಲೇ ಮುಚ್ಚಿರುತ್ತದೆ, ಏಕೆಂದರೆ ಐಎಸ್‌ಎಲ್ ಕ್ಲಬ್‌ಗಳ ಷೇರು ಬಹುಮಟ್ಟಿಗೆ ಒಂದೆರಡು ಕೈಗಳಲ್ಲಿದೆ. ಹೊರಗಿನವರು ಸದಸ್ಯರ ರಿಜಿಸ್ಟರನ್ನು ಶುಲ್ಕ ಕಟ್ಟಿ ನೋಡಬಹುದು, 94ನೇ ಕಲಂ ಅಷ್ಟು ಕೊಟ್ಟಿದೆ. ನೋಡಿ ಮಾಡುವುದೇನು?

ಇಂಗ್ಲೆಂಡ್ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ, ಥೇಮ್ಸ್ ವ್ಯಾಲಿ ಪ್ರಸಂಗವಾಗಿ 42 ವರ್ಷಕ್ಕೆ, 2025ರಲ್ಲಿ ಫುಟ್‌ಬಾಲ್ ಆಡಳಿತ ಕಾಯ್ದೆ ತಂದಿತು. ಲಾಂಛನ ಮತ್ತು ತವರು ಅಂಗಿಯ ಮುಖ್ಯ ಬಣ್ಣ ಬದಲಿಸಬೇಕಾದರೆ ಬಹುಪಾಲು ಅಭಿಮಾನಿಗಳ ಬೆಂಬಲವಿದೆಯೇ ಎಂದು ಕ್ಲಬ್ ಖಚಿತಪಡಿಸಿಕೊಳ್ಳಬೇಕು. ಹೆಸರು ಬದಲಿಸಲು ಫುಟ್‌ಬಾಲ್ ಸಂಸ್ಥೆಯ ಒಪ್ಪಿಗೆ ಬೇಕು. ಮೈದಾನ ಮಾರಲು, ತವರು ಬಿಟ್ಟು ಹೋಗಲು ಸ್ವತಂತ್ರ ನಿಯಂತ್ರಕರ ಅನುಮತಿ ಬೇಕು. ಅದೇ ವರ್ಷ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಒಪ್ಪಿದ ರಾಷ್ಟ್ರೀಯ ಕ್ರೀಡಾ ಆಡಳಿತ ಕಾಯ್ದೆ ಒಕ್ಕೂಟಗಳ ಮನೆ ಸರಿಪಡಿಸುವುದಕ್ಕೆ ಹೊರಟದ್ದು. ಕ್ಲಬ್ಬಿನ ಹೆಸರಿನ ತನಕ ಅದರ ಕೈ ಚಾಚುವುದಿಲ್ಲ.

ಹಾಗೆಂದು ಸಚಿವಾಲಯವೇ ನೇರ ಆದೇಶ ಹೊರಡಿಸಲಿ ಎಂದು ನಾವು ಕೇಳುತ್ತಿಲ್ಲ. ಹೊರಗಿನವರ ಹಸ್ತಕ್ಷೇಪದ ಕಾರಣ ಕೊಟ್ಟು ಫಿಫಾ 2022ರ ಆಗಸ್ಟ್‌ನಲ್ಲಿ ಭಾರತವನ್ನು ಅಮಾನತು ಮಾಡಿದ್ದನ್ನು ಯಾರೂ ಮರೆತಿಲ್ಲ. ದಾರಿ ಬೇರೆ ಇದೆ. ಪ್ರತಿ ಕ್ಲಬ್ಬಿಗೂ ಪರವಾನಗಿ ಕೊಡುವುದು ಅಖಿಲ ಭಾರತ ಫುಟ್‌ಬಾಲ್ ಒಕ್ಕೂಟ. ಷರತ್ತು ಅಲ್ಲಿ ಸೇರಲಿ. ಒಕ್ಕೂಟವೇ ಸೇರಿಸಿಕೊಳ್ಳುವಂತೆ ತಾವು ಅವರನ್ನು ಮಾತುಕತೆಗೆ ಕೂರಿಸಿ.

ಷರತ್ತು ಹೀಗಿರಲಿ. ಹೆಸರು, ಲಾಂಛನ, ಬಣ್ಣ, ತವರು ಊರು ಇವುಗಳಲ್ಲಿ ಒಂದನ್ನು ಬದಲಿಸುವ ಅಥವಾ ಇನ್ನೊಂದು ಕ್ಲಬ್ಬಿನೊಡನೆ ಸೇರುವ ಪ್ರಸ್ತಾಪವಿದ್ದರೆ ಘೋಷಣೆಗೂ ಜಾರಿಗೂ ನಡುವೆ 90 ದಿನ ಕಡ್ಡಾಯ ಅಂತರ. ಆ 90 ದಿನದಲ್ಲಿ ಕನಿಷ್ಠ ಎರಡು ತವರು ಪಂದ್ಯ ಬರಲೇಬೇಕು. ಟೂರ್ನಿ ಮುಗಿದ ಮೇಲೆ ಘೋಷಿಸಿ, ಮುಂದಿನದು ಶುರುವಾಗುವುದರೊಳಗೆ ಮುಗಿಸಿಬಿಡುವುದು ಸುಲಭದ ತಂತ್ರ. ಆಗ ಕೂತು ಪ್ರತಿಭಟಿಸಲು ಮೈದಾನವೂ ಇರುವುದಿಲ್ಲ. ಒಂದು ಕ್ಲಬ್ ನಡೆಸುವವರು ಇನ್ನೊಂದರಲ್ಲಿ ಶೇ. 5ಕ್ಕಿಂತ ಹೆಚ್ಚು ಷೇರು ಕೊಂಡರೆ ಏಳು ದಿನದೊಳಗೆ ಬಹಿರಂಗಪಡಿಸಬೇಕು. ಇನ್ನೂ ಹಂಚದೆ ಉಳಿದ ಷೇರನ್ನು ಈ ಅವಧಿಯಲ್ಲಿ ಯಾರಿಗೂ ಹಂಚಬಾರದು. ಹೊಸ ಷೇರು ಹುಟ್ಟಿಸಿ ಬೇಕಾದವರಿಗೆ ಕೊಟ್ಟು ಬಹುಮತ ತಿರುಗಿಸುವುದು ಎಲ್ಲ ದೇಶದಲ್ಲೂ ನಡೆಯುವ ಹಳೆಯ ಆಟ.

ಅಭಿಮಾನಿಗಳ ಒಪ್ಪಿಗೆ ಪಡೆಯಲು ಮತದಾನ ಬೇಕು, ಅದರಲ್ಲೇ ಹೆಚ್ಚು ಎಡವಟ್ಟು ಆಗುವುದು. ಆನ್‌ಲೈನ್ ಪೋಲ್ ಇಟ್ಟರೆ ಎದುರಾಳಿ ತಂಡದವರೂ, ಯಂತ್ರಗಳೂ ಒತ್ತುತ್ತವೆ. ಒಟಿಪಿ ಇಟ್ಟರೂ ಒಬ್ಬನಿಗೆ ನಾಲ್ಕು ಸಿಮ್ ಇರುತ್ತದೆ. ಕ್ಲಬ್ಬೇ ಘೋಷಣೆಯ ನಂತರ ಉಚಿತ ಪಾಸ್ ಹಂಚಿ 'ಅಭಿಮಾನಿ'ಗಳನ್ನು ತಯಾರಿಸಬಹುದು. ಆದ್ದರಿಂದ ಮತದಾರರ ಪಟ್ಟಿ ಘೋಷಣೆಗೆ 30 ದಿನ ಹಿಂದಿನ ಸ್ಥಿತಿಗೆ ಸ್ತಂಭಿಸಿರಬೇಕು. ಹಿಂದಿನ ಎರಡು ಸೀಸನ್‌ಗಳಲ್ಲಿ ದುಡ್ಡು ಕೊಟ್ಟು ಸೀಸನ್ ಟಿಕೆಟ್ ಪಡೆದವರು ಮಾತ್ರ ಅದರಲ್ಲಿರಬೇಕು. ತವರು ಪಂದ್ಯದ ದಿನ ಗೇಟಿನ ಬಳಿ ಟಿಕೆಟ್ ಸಂಖ್ಯೆ ಗುರುತು ಹಾಕಿಕೊಂಡು ಕಾಗದದ ಚೀಟಿಯಲ್ಲೇ ಮತ ಹಾಕಿಸಬೇಕು. ಎಣಿಸುವವರು ಕ್ಲಬ್ಬಿನ ಸಂಬಳದವರಾಗಿರಬಾರದು. ಗ್ರಾಮ ಪಂಚಾಯಿತಿ ಚುನಾವಣೆ ನಡೆಸಿ ಗೊತ್ತಿರುವ ದೇಶಕ್ಕೆ ಇದು ಕಷ್ಟದ್ದೇನಲ್ಲ.

ಇದರ ಜೊತೆ ಪ್ರತಿ ಕ್ಲಬ್ ಕಂಪನಿಯಲ್ಲೂ ಅಭಿಮಾನಿಗಳ ಸಂಘಕ್ಕೆ ಒಂದೇ ಒಂದು ವಿಶೇಷ ಷೇರು ಇರಲಿ. ಲಾಭ ಬೇಡ, ನಿರ್ದೇಶಕ ಸ್ಥಾನ ಬೇಡ. ಮೇಲಿನ ವಿಷಯಗಳಲ್ಲಿ ಆ ಷೇರಿನ ಒಪ್ಪಿಗೆ ಬೇಕು ಎಂಬ ಒಂದು ವಿಧಿ ಕಂಪನಿಯ ನಿಯಮಾವಳಿಯಲ್ಲಿದ್ದರೆ ಸಾಕು. ಇಂಥ ವಿಧಿಗೆ ಕಂಪನಿ ಕಾಯ್ದೆಯ 5ನೇ ಕಲಂನಲ್ಲಿ ಈಗಲೇ ಅವಕಾಶವಿದೆ. ಆದರೆ ನಡೆಯುತ್ತಿರುವ ಖಾಸಗಿ ಕಂಪನಿಯಲ್ಲಿ ಅದನ್ನು ಸೇರಿಸಲು ಎಲ್ಲ ಷೇರುದಾರರೂ ಒಪ್ಪಬೇಕು. ಒಬ್ಬರು ಬೇಡವೆಂದರೆ ಮುಗಿಯಿತು. ಪರವಾನಗಿಗೆ ಷರತ್ತು ಮಾಡದೆ ಬೇರೆ ದಾರಿಯಿಲ್ಲ ಎನ್ನುವುದು ಅದಕ್ಕೇ. ಅಭಿಮಾನಿಗಳ ಕಡೆಯ ಕೆಲಸ ಅಷ್ಟು ಭಾರವಲ್ಲ: ಕರ್ನಾಟಕದ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ಸಂಘವಾಗುತ್ತದೆ.

ನೆಲದ ಬಗ್ಗೆ ಇಲ್ಲಿ ಷರತ್ತು ಕೇಳಿಲ್ಲ. ಬೆಂಗಳೂರು ಎಫ್‌ಸಿ ಆಡುವ ಶ್ರೀ ಕಂಠೀರವ ಕ್ರೀಡಾಂಗಣ ರಾಜ್ಯ ಸರ್ಕಾರದ್ದು. ಕ್ರೇವನ್ ಕಾಟೇಜಿನಂತೆ ಅದನ್ನು ಯಾರೂ ಕೊಂಡು ಅಪಾರ್ಟ್‌ಮೆಂಟ್ ಎಬ್ಬಿಸುವ ಭಯವಿಲ್ಲ, ಕ್ಲಬ್ಬಿಗೆ ಸ್ವಂತ ಮನೆಯೂ ಇಲ್ಲ. ಅದರ ಬಾಡಿಗೆ ಕರಾರಿನ ಅವಧಿಯ ಬಗ್ಗೆ ರಾಜ್ಯದ ಕ್ರೀಡಾ ಸಚಿವರಿಗೆ ಬೇರೆ ಪತ್ರ ಬರೆಯುತ್ತೇವೆ.

ಇಂತಿ,
ಟಿಕೆಟ್ ಕೊಂಡು ಕೂರುವ ಕೆಲವು ಫುಟ್‌ಬಾಲ್ ಅಭಿಮಾನಿಗಳು
ಬೆಂಗಳೂರು