ಹೆದರಿಸಿದರೆ ಸಾಲದು, ಬೇಡವೆನ್ನುವುದನ್ನು ಅಭ್ಯಾಸ ಮಾಡಿಸಬೇಕು

ಮಾನ್ಯ ಸಂಪಾದಕರೇ,

ಜೂನ್ 26ರ ಅಂತರರಾಷ್ಟ್ರೀಯ ಮಾದಕ ವಸ್ತು ವಿರೋಧಿ ದಿನ ಬಂತೆಂದರೆ ಶಾಲೆಗಳಲ್ಲಿ ಭಾಷಣ, ಪ್ರತಿಜ್ಞೆ, ಭಿತ್ತಿಪತ್ರ ಸ್ಪರ್ಧೆಗಳು ನಡೆಯುತ್ತವೆ. ಮರುದಿನದಿಂದ ಆ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಹಲವು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವಳಾಗಿ ನಾನೂ ಇಂಥ ಸಭೆಗಳನ್ನು ಏರ್ಪಡಿಸಿದ್ದೇನೆ. ಅವುಗಳಿಂದ ಮಕ್ಕಳ ನಡವಳಿಕೆ ಬದಲಾದೀತೆಂಬ ನಂಬಿಕೆ ಈಗ ನನಗೆ ಉಳಿದಿಲ್ಲ.

ಇದು ನನ್ನೊಬ್ಬಳ ಅನಿಸಿಕೆಯಲ್ಲ. ಅಮೆರಿಕದ ಲಾಸ್ ಏಂಜಲೀಸ್‌ನಲ್ಲಿ 1983ರಲ್ಲಿ ಆರಂಭವಾದ ‘ಡೇರ್’ ಕಾರ್ಯಕ್ರಮದಲ್ಲಿ ಪೊಲೀಸ್ ಅಧಿಕಾರಿಗಳೇ ತರಗತಿಗೆ ಬಂದು ಮಾದಕ ವಸ್ತುಗಳ ಅಪಾಯವನ್ನು ವಿವರಿಸುತ್ತಿದ್ದರು. ಅದು ಬಹುಬೇಗ ದೇಶದ ತುಂಬ ಹರಡಿತು, ಪೋಷಕರೂ ಮೆಚ್ಚಿದರು. ಆದರೆ 1990ರ ದಶಕದಲ್ಲಿ ಸಂಶೋಧಕರು ಅದರ ಫಲವನ್ನು ಅಳೆದು ನೋಡಿದಾಗ, ಆ ಪಾಠ ಕೇಳಿದ ಮಕ್ಕಳಿಗೂ ಕೇಳದ ಮಕ್ಕಳಿಗೂ ಮಾದಕ ವಸ್ತುಗಳ ಬಳಕೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಆ ಸಂಸ್ಥೆಯೇ ತನ್ನ ಹಳೆಯ ಪಠ್ಯವನ್ನು ಕೈಬಿಡಬೇಕಾಯಿತು. ಬರೀ ಭಯ ಹುಟ್ಟಿಸುವುದು, ವ್ಯಸನದಿಂದ ಹೊರಬಂದವರನ್ನು ಕರೆತಂದು ಅವರ ಕಥೆ ಹೇಳಿಸುವುದು ಇಂಥ ಕ್ರಮಗಳನ್ನು ನೆಚ್ಚಿಕೊಳ್ಳಬಾರದೆಂದು ವಿಶ್ವಸಂಸ್ಥೆಯ ಮಾದಕ ವಸ್ತು ಮತ್ತು ಅಪರಾಧ ಕಚೇರಿ 2013ರಲ್ಲಿ ಪ್ರಕಟಿಸಿದ ಮಾನದಂಡಗಳೂ ಸೂಚಿಸುತ್ತವೆ.

ಏಕೆ ಹೀಗೆ ಎಂದು ಯೋಚಿಸಿದರೆ ಕಾರಣ ಕಣ್ಣೆದುರೇ ಇದೆ. ಮಗುವಿನ ಕೈಗೆ ಮೊದಲ ಸಿಗರೇಟನ್ನೋ ಮಾತ್ರೆಯನ್ನೋ ಇಡುವವನು ಹೆಚ್ಚಿನ ಸಂದರ್ಭಗಳಲ್ಲಿ ಭಿತ್ತಿಪತ್ರದಲ್ಲಿ ಬರೆದಂಥ ಕ್ರೂರ ಮುಖದ ಅಪರಿಚಿತನಲ್ಲ. ಅದೇ ಬೆಂಚಿನಲ್ಲಿ ಕೂರುವ ಗೆಳೆಯ, ಇಲ್ಲವೇ ಒಂದೆರಡು ವರ್ಷ ದೊಡ್ಡವನಾದ, ತಾನು ಮೆಚ್ಚುವ ಹುಡುಗ. ಆ ಗಳಿಗೆಯಲ್ಲಿ ಮಗು ನಿರಾಕರಿಸಬೇಕಾದದ್ದು ವಸ್ತುವನ್ನಲ್ಲ, ಸ್ನೇಹಿತನನ್ನು. ಶ್ವಾಸಕೋಶ ಹಾಳಾಗುತ್ತದೆಂಬ ತಿಳಿವಳಿಕೆ ಆಗ ನೆರವಿಗೆ ಬರುವುದಿಲ್ಲ; ಗೆಳೆತನ ಕೆಡದಂತೆ ಬೇಡವೆನ್ನುವ ಮಾತು ನಾಲಿಗೆಯ ತುದಿಯಲ್ಲಿರಬೇಕು. ಅದು ತಾನಾಗಿ ಬರುವುದಿಲ್ಲ. ಪದ್ಯವನ್ನು ಬಾಯಿಪಾಠ ಮಾಡಿಸುವ ನಾವು ಇದನ್ನೂ ಅಭ್ಯಾಸ ಮಾಡಿಸಬೇಕು: ಇಬ್ಬರು ಮಕ್ಕಳನ್ನು ಎದುರುಬದುರು ನಿಲ್ಲಿಸಿ, ಒಬ್ಬ ಒತ್ತಾಯಿಸುವಂತೆ, ಮತ್ತೊಬ್ಬ ಒಪ್ಪದಿರುವಂತೆ ಅಭಿನಯ ಮಾಡಿಸಿ, ‘ಪುಕ್ಕಲ’ ಎಂಬ ಹೀಯಾಳಿಕೆಗೆ ಏನೆನ್ನಬೇಕು, ಯಾವಾಗ ಮಾತು ಬದಲಿಸಬೇಕು, ಯಾವಾಗ ಎದ್ದು ಹೊರಡಬೇಕು ಎಂಬುದನ್ನು ಅವರಿಂದಲೇ ಹೇಳಿಸಬೇಕು. ‘ಎಲ್ಲರೂ ಸೇದುತ್ತಾರೆ’ ಎಂಬುದು ಮಕ್ಕಳನ್ನು ಬಲವಾಗಿ ಸೆಳೆಯುವ ಮಾತು. ವಾಸ್ತವದಲ್ಲಿ ತಮ್ಮ ವಯಸ್ಸಿನವರು ಎಷ್ಟು ಮಂದಿ ಬಳಸುತ್ತಾರೆಂಬುದನ್ನು ಮಕ್ಕಳು ಬಹಳ ಹೆಚ್ಚಾಗಿ ಊಹಿಸಿಕೊಂಡಿರುತ್ತಾರೆ. ಅದನ್ನು ತಿದ್ದಿದರೇ ಅರ್ಧ ಒತ್ತಡ ಇಳಿಯುತ್ತದೆ.

ಈ ಪಾಠವನ್ನು ಹೊರಗಿನಿಂದ ಬಂದ ಅತಿಥಿಯಲ್ಲ, ಮಕ್ಕಳನ್ನು ದಿನವೂ ನೋಡುವ ತರಗತಿಯ ಶಿಕ್ಷಕರೇ, ತರಬೇತಿ ಪಡೆದು, ವಾರಕ್ಕೊಂದು ಅವಧಿಯಂತೆ ನಡೆಸಬೇಕು. ಹೇಳುವುದರಲ್ಲಿ ಉತ್ಪ್ರೇಕ್ಷೆಯೂ ಸಲ್ಲದು. ಒಮ್ಮೆ ಸೇದಿದರೆ ಸತ್ತೇಹೋಗುತ್ತಾರೆಂದು ನಾವು ಹೇಳಿದ ಮೇಲೆ, ಸೇದಿಯೂ ಆರಾಮವಾಗಿ ಆಡುತ್ತಿರುವ ಗೆಳೆಯನನ್ನು ಕಂಡ ಮಗು ನಮ್ಮ ಉಳಿದ ಸತ್ಯಗಳನ್ನೂ ನಂಬುವುದಿಲ್ಲ. ಬದಲಿಗೆ, ವಿವೇಚನೆಯನ್ನು ನಿಯಂತ್ರಿಸುವ ಮೆದುಳಿನ ಮುಂಭಾಗ ಇಪ್ಪತ್ತರ ನಡುವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ, ಆದ್ದರಿಂದಲೇ ಎಳವೆಯಲ್ಲಿ ಆರಂಭಿಸಿದವರಿಗೆ ಚಟ ಅಂಟಿಕೊಳ್ಳುವ ಸಂಭವ ಹೆಚ್ಚು ಎಂದು ನೇರವಾಗಿ ತಿಳಿಸಿದರೆ ಹದಿಹರೆಯದವರು ಅದನ್ನು ಚೆನ್ನಾಗಿಯೇ ಗ್ರಹಿಸುತ್ತಾರೆ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಸಿಕ್ಕಿಬಿದ್ದ ವಿದ್ಯಾರ್ಥಿಯನ್ನು ಶಾಲೆಯಿಂದ ಹೊರಹಾಕುವ ಪದ್ಧತಿ ನಿಲ್ಲಬೇಕು. ತರಗತಿಯಿಂದ ದೂರವಾದ ಮಗುವಿಗೆ ಉಳಿಯುವುದು ಆ ಚಟ ಕಲಿಸಿದ ಸಂಗವೊಂದೇ. ಶಿಕ್ಷಣ ಇಲಾಖೆಗಳೂ ಆಡಳಿತ ಮಂಡಳಿಗಳೂ ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿಯನ್ನು ಸಿದ್ಧಪಡಿಸುವಾಗಲೇ ಈ ಅವಧಿಗೆ ಜಾಗ ಕಾದಿರಿಸಬೇಕು ಮತ್ತು ತಪ್ಪಿದ ಮಗು ಶಿಕ್ಷೆಯ ಭಯವಿಲ್ಲದೆ ಮಾತನಾಡಬಹುದಾದ ಒಬ್ಬ ಆಪ್ತ ಸಮಾಲೋಚಕರನ್ನು ಪ್ರತಿ ಶಾಲೆಗೂ ಒದಗಿಸಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ